ಕತ್ತರಿ ಕೊಟ್ಟ ಟೈಲರಕ್ಕ

ಮೊನ್ನೆ ಶಿವಮೊಗ್ಗದ ಕೋಟೆ ಹತ್ತಿರದ ಅಂಗಡಿಯಲ್ಲಿ ಲೈನಿಂಗ್ ಬಟ್ಟೆ ನೋಡುತ್ತಿದ್ದಾಗ ಹೊಲಿಗೆ ಮೆಷಿನ್ನಿನ ಎಣ್ಣೆ ವಾಸನೆ ಬಂತು. ಬಣ್ಣ ಆರಿಸುವುದೇ ಮರೆತುಹೋಯಿತು. ಭದ್ರಾವತಿಯಲ್ಲಿ ನಮ್ಮ ಬೀದಿಯ ಟೈಲರಕ್ಕನ ಮುಂದಿನ ಕೋಣೆ ನೆನಪಾಯಿತು...

ಬೀದಿಯ ಎಲ್ಲರ ಬ್ಲೌಸೂ ಅಕ್ಕನೇ ಹೊಲಿಯುತ್ತಿದ್ದರು. ಗಂಡ ಇರಲಿಲ್ಲ, ಆ ಒಂದು ಮೆಷಿನ್ನಿನಿಂದಲೇ ಮನೆ ನಡೆಯುತ್ತಿತ್ತು. ನಾನು ಪಿಯುಸಿಯಲ್ಲಿದ್ದಾಗ ಒಂದು ಕಂಪನಿ ಸಾಮಾಜಿಕ ಜವಾಬ್ದಾರಿ ಎಂದು ಹೆಂಗಸರಿಗೆ ಹೊಲಿಗೆ ತರಬೇತಿ ಶುರು ಮಾಡಿತು. ಕಲಿಸುವವರು ಅಕ್ಕ. ನಾನೂ ಸೇರಿಕೊಂಡೆ. ಕಲಿತವರಿಗೆಲ್ಲ ಉಚಿತ ಮೆಷಿನ್, ಆಮೇಲೆ ಕಂಪನಿಯ ಯೂನಿಫಾರ್ಮ್ ಆರ್ಡರೂ ನಮಗೇ ಎಂದಿದ್ದರು.

ಟೈಲರುಗಳು ಕಟಿಂಗ್ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಕಲಿಯಲು ಬಂದವರಿಗೆ ವರ್ಷಗಟ್ಟಲೆ ಹುಕ್ಕು, ಕಾಜಾ ಅಷ್ಟೇ. ಅಕ್ಕ ಮೊದಲ ವಾರವೇ ನಮ್ಮ ಕೈಗೆ ಕತ್ತರಿ ಕೊಟ್ಟರು.

ಅಮ್ಮನಿಗೆ ತಡೆಯಲಾಗಲಿಲ್ಲ. "ಎಲ್ರಿಗೂ ಕಟಿಂಗ್ ಹೇಳ್ಕೊಟ್ರೆ ನಿನ್ ಹತ್ರ ಯಾರ್ ಬರ್ತಾರೆ ಮಾರಾಯ್ತಿ? ನೊಣ ಹೊಡೀತಾ ಕೂರ್ತೀಯ ನೋಡು."

"ಆರ್ಡರ್ ಬಂದ್ರೆ ಊಟಕ್ಕೂ ಪುರುಸೊತ್ತಿರಲ್ಲ ಕಣಕ್ಕಾ. ಆಗ ನೀವೇ ಬಂದು ಹುಕ್ಕು ಹಾಕ್ಬೇಕು!" ಎಂದು ಅಕ್ಕ ನಕ್ಕರು.

ಮೆಷಿನ್‌ಗಳು ಬಂದವು. ಫೋಟೋ ತೆಗೆದರು. ಆರ್ಡರ್ ಮಾತ್ರ... ಕಂಪನಿಯಲ್ಲಿ ಈ ಕೆಲಸ ನೋಡುತ್ತಿದ್ದವರಿಗೆ ವರ್ಗವಾಯಿತು. ಹೊಸಬರು ಗಿಡ ನೆಡಿಸಲು ಹೊರಟರು. ಹೊಲಿದದ್ದನ್ನು ಕೊಳ್ಳುವವರು ಯಾರು ಎಂದು ಯಾರೂ ಯೋಚಿಸಿರಲಿಲ್ಲ. ಮನೆಮನೆಯಲ್ಲೂ ಮೆಷಿನ್ ಇತ್ತು, ನಮ್ಮ ಬ್ಲೌಸ್ ನಾವೇ ಹೊಲಿದುಕೊಂಡೆವು. ಅಕ್ಕನ ಬಾಗಿಲಿಗೆ ಬಟ್ಟೆ ತರುವವರು ಒಬ್ಬೊಬ್ಬರಾಗಿ ನಿಂತುಹೋದರು.

ಕೊನೆಗೆ ಅವರು ಶಿವಮೊಗ್ಗದ ಗಾರ್ಮೆಂಟ್ಸ್ ಸೇರಿದರು. ಒಂದು ಸಂಜೆ ಮಲವಗೊಪ್ಪದ ಬಸ್ ಸ್ಟಾಪಿನಲ್ಲಿ ಸಿಕ್ಕಾಗ, "ಅಲ್ಲಿ ಏನ್ ಹೊಲೀತೀರಕ್ಕಾ?" ಎಂದೆ.

"ಬಲಗಡೆ ತೋಳು. ಎಡಗಡೇದು ಪಕ್ಕದೋಳು ಹೊಲೀತಾಳೆ. ಇಡೀ ಅಂಗಿ ಹೆಂಗಿರುತ್ತೋ, ನಾನು ನೋಡೇ ಇಲ್ಲ ಕಣೇ."

ನಗಲು ನೋಡಿದರು. ಆಗಲಿಲ್ಲ. ಹೆಚ್ಚು ಕಾಲ ಉಳಿಯಲಿಲ್ಲ, ಜ್ವರ ಎಂದು ಮಲಗಿದವರು ಏಳಲೇ ಇಲ್ಲ...

ಇಷ್ಟು ವರ್ಷಗಳ ಮೇಲೆ ನಾನು ಮೊಬೈಲಿನಲ್ಲಿ ಅದೂ ಇದೂ ಓದಿ, ನೋಡಿ, ಇನ್ನೊಂದು ಕಂಪನಿಯವರ ಬೆನ್ನು ಬಿದ್ದಿದ್ದೆ. ಮೆಷಿನ್ ಬೇಡ, ಮೊದಲು ಆರ್ಡರ್ ಕೊಡಿ ಎಂದೆ. ಈ ತಿಂಗಳು ಒಪ್ಪಿದ್ದಾರೆ, ಬಟ್ಟೆಬ್ಯಾಗ್ ಹೊಲಿದುಕೊಡಬೇಕು. ಅವರು ಕರೆದ ಸಭೆಗೆ ಬೀದಿಯ ಹೆಂಗಸರೆಲ್ಲ ಬಂದಿದ್ದರು.

"ಸರಿ, ನಿಮ್ಮೆಲ್ರಿಗೂ ಕೆಲಸ ಹೇಳ್ಕೊಟ್ಟು ನೋಡ್ಕೊಳ್ಳೋ ಮೇಸ್ತ್ರಿ ಯಾರು?" ಎಂದು ಕಂಪನಿಯವರು ಕೇಳಿದರು.

ನಮಗೆಲ್ಲ ನೆನಪಾದದ್ದು ಕತ್ತರಿ ಕೊಟ್ಟ ಅಕ್ಕ. ಯಾರೂ ಕೈ ಎತ್ತಲಿಲ್ಲ.