ದಸ್ತಗೀರನ ಹಳೇ ಲೆನ್ಸು, ಹೊಸಾ ಲೆನ್ಸು

ಗುಲಾಮ ದಸ್ತಗೀರನ ಬಲಗೈಯ ಎರಡು ಬೆರಳು ಈಗಲೂ ಮಡಚುವುದಿಲ್ಲ. ಅವನದೇ ಸ್ಟುಡಿಯೋದ ಹೊಸ್ತಿಲಲ್ಲಿ, ಫರಸಿ ಕಲ್ಲಿನ ಮೇಲೆ ಆ ಕೈಯನ್ನು ಒತ್ತಿ ಹಿಡಿದು, ಇನ್ನೊಂದು ಫರಸಿ ತುಂಡಿನಿಂದ ಜಜ್ಜಿದರು. ಜಜ್ಜಿದವನು ನನ್ನ ಅಳಿಯನ ತಮ್ಮ. ಯಾಕೆ ಜಜ್ಜಿದ ಎಂಬುದನ್ನು ಚಿತ್ತಾಪುರದಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ನಾನು ಕಂಡದ್ದನ್ನು, ದಸ್ತಗೀರನ ಬಾಯಿಂದ ಕೇಳಿದ್ದನ್ನು ಇಲ್ಲಿ ಬರೆದಿದ್ದೇನೆ.

ದಸ್ತಗೀರ ಶಹಾಬಾದಿನವನು. ಅವನ ಅಪ್ಪ ಕಲ್ಲಿನ ಗಣಿಯಲ್ಲಿ ಬಂಡೆ ಬಿದ್ದು ಸತ್ತ. ತಲೆ ಒಡೆದ ಆ ಹೆಣದ ಫೋಟೋ ತೆಗೆಯಲು ವಾಡಿಯಿಂದ ಒಬ್ಬ ರೈಲ್ವೆ ಗಾರ್ಡ್ ಬಂದಿದ್ದರಂತೆ. ಫೋಟೋ ತೆಗೆಯುವುದು ಅವರಿಗೆ ಹುಚ್ಚು. ಫೋಟೋದಲ್ಲಿ ಅಪ್ಪನ ಮುಖ ಹಾಲಿನಲ್ಲಿ ತೊಳೆದ ಹಾಗೆ ಬಂದಿತ್ತು, ಒಡೆದದ್ದು ಕಾಣುತ್ತಿರಲಿಲ್ಲ. ಅದನ್ನು ನೋಡಿದ ಮೇಲೆ ದಸ್ತಗೀರ ಗಾರ್ಡ್ ಸಾಹೇಬರ ಬೆನ್ನು ಬಿಡಲಿಲ್ಲ. ಅವರು ನೌಕರಿ ಮುಗಿಸಿ ಊರಿಗೆ ಹೋಗುವಾಗ ಕ್ಯಾಮೆರಾ ಇವನ ಕೈಗೆ ಕೊಟ್ಟು ಹೋದರು. ಅದನ್ನು ಇಟ್ಟುಕೊಂಡು ಇವನು ಚಿತ್ತಾಪುರದಲ್ಲಿ ಸ್ಟುಡಿಯೋ ತೆರೆದ.

ಕ್ಯಾಮೆರಾದ ಜೊತೆ ಬಂದದ್ದು ಹಳೇ ಲೆನ್ಸು. ಗಾಜಿನ ಮೇಲಿನ ಬಣ್ಣದ ಲೇಪ ಸವೆದು, ಒಳಗೆ ಮಂಜು ಹಿಡಿದಿತ್ತು. ಅದರಲ್ಲಿ ಬೆಳಕು ಹರಡುತ್ತಿತ್ತು. ಸಿಡುಬಿನ ಕಲೆ, ಕಣ್ಣಿನ ಕೆಳಗಿನ ಕಪ್ಪು, ಎಲ್ಲ ಕರಗಿ ಹೋಗುತ್ತಿತ್ತು. ಮದುವೆಗೆ, ವರ ನೋಡಲು ಕಳಿಸುವ ಫೋಟೋಗೆ, ಸತ್ತವರ ಫೋಟೋಗೆ ಜನ ಅದನ್ನೇ ಕೇಳುತ್ತಿದ್ದರು. ಆಮೇಲೆ ಅವನು ಹೈದರಾಬಾದಿನಿಂದ ಹೊಸಾ ಲೆನ್ಸು ತಂದ. ಅದೇ ಕಂಪನಿ, ಅದೇ ಅಳತೆ, ಆದರೆ ಕೂದಲು ಕೂದಲು ಬೇರೆ ಮಾಡಿ ತೋರಿಸುವಂಥದ್ದು. ವಾಡಿಯಲ್ಲಿ ರೈಲಿಗೆ ಸಿಕ್ಕು ತುಂಡಾದವರ ಫೋಟೋ ಪೊಲೀಸರಿಗೆ ಹೀಗೆ ಬೇಕಾಗಿತ್ತು.

ನನ್ನ ಮಗಳು ಭಾಗ್ಯಶ್ರೀಯ ಮದುವೆ ಫೋಟೋ ಹಳೇ ಲೆನ್ಸಿನವು. ಅವುಗಳಲ್ಲಿ ಅಳಿಯ ಚನ್ನು ಕೂಡ ದೇವರ ಹಾಗೆ ಕಾಣುತ್ತಾನೆ. ಮದುವೆಯಾದ ವರ್ಷವೇ ಅವನು ಅವಳ ಕಿವಿಗೆ ಹೊಡೆದು ತಮಟೆ ಹರಿದ. ಆಮೇಲೆ ಬೆಲ್ಟಿನಿಂದ, ಒಲೆಯ ಕೊಳವಿಯಿಂದ. ಕಡೆಗೆ ಅವಳು, "ಅವ್ವಾ, ಈ ಸಲ ಬಂದ್ರ ತಿರುಗಿ ಹೋಗಂಗಿಲ್ಲ," ಎಂದು ಹೇಳಿ ಕಳಿಸಿದಳು. ಅವಳು ಬರಲಿಲ್ಲ. ಜಾರಿ ಬಿದ್ದು ಸತ್ತಳು ಎಂಬ ಸುದ್ದಿ ಬಂತು.

ಸೇಡಂನಿಂದ ನಾನು ಚಿತ್ತಾಪುರದ ಅವರ ಮನೆಗೆ ಹೋಗಿ ಮುಟ್ಟುವಷ್ಟರಲ್ಲಿ ಹೆಣಕ್ಕೆ ಸ್ನಾನ ಮಾಡಿಸಿ, ನಮ್ಮ ಪದ್ಧತಿಯಂತೆ ಕೂರಿಸಿಬಿಟ್ಟಿದ್ದರು. ಬೆನ್ನಿಗೆ ಹಲಗೆ, ಹಣೆಗೆ ಬಟ್ಟೆ ಕಟ್ಟಿ ಗೋಡೆಯ ಮೊಳೆಗೆ ಬಿಗಿದಿದ್ದರು. ಮುಖಕ್ಕೂ ಕೊರಳಿಗೂ ವಿಭೂತಿ ದಪ್ಪಗೆ ಬಳಿದಿದ್ದರು. ಗದ್ದ ಮುಚ್ಚುವಷ್ಟು ಹೂಮಾಲೆ. ನಾನು ಅವಳ ಕೈ ಹಿಡಿದೆ. ಉಗುರುಗಳು ಮುರಿದಿದ್ದವು. ಚನ್ನು ಕೆನ್ನೆಗೆ ಟವೆಲ್ ಸುತ್ತಿಕೊಂಡಿದ್ದ.

"ಮಾಲಿ ತಗೀರಿ, ನನ್ನ ಮಗಳ ಕೊಳ್ಳ ನೋಡತೀನಿ," ಎಂದೆ.

ಬೀಗರು ರೇವಣಸಿದ್ದಯ್ಯ ನನ್ನ ರಟ್ಟೆ ಹಿಡಿದು ಎಳೆದರು. ನನ್ನ ಬಳೆಯಿಲ್ಲದ ಕೈ ಕಂಬಕ್ಕೆ ಬಡಿಯಿತು. "ಹೆಣದ ಮುಂದ ತಮಾಷಾ ಮಾಡಬ್ಯಾಡ್ರಿ ನೀಲಾಬಾಯಿ. ಗಂಡ ಇಲ್ದಾಕಿ ಅಂತ ಸುಮ್ನಿದ್ದೀನಿ."

ಅಷ್ಟರಲ್ಲಿ ದಸ್ತಗೀರ ಬಂದ. ಕೂರಿಸಿದ ಹೆಣದ ಎರಡೂ ಕಡೆ ಮನೆಯವರು ನಿಂತು ಫೋಟೋ ತೆಗೆಸಿಕೊಳ್ಳದೆ ಹೂಳುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಪಡಸಾಲೆಯ ತುಂಬ ಅಂಥ ಫೋಟೋಗಳೇ. ಇದೊಂದು ತೆಗೆಸದಿದ್ದರೆ ನೆಂಟರು ಯಾಕೆಂದು ಕೇಳುತ್ತಿದ್ದರು. ತೆಗೆಸಿದರೆ, ನೋಡಿ ಮುಖ ಎಷ್ಟು ಶಾಂತವಾಗಿದೆ ಎಂದು ತೋರಿಸಬಹುದಿತ್ತು.

"ಚಾಚಾ, ಹಳೇ ಲೆನ್ಸ್ ಹಾಕು. ಮದಿವ್ಯಾಗ ಹಾಕಿದ್ದಿ ನೋಡು, ಅದೇ," ಎಂದ ಚನ್ನು.

ದಸ್ತಗೀರ ಹಾಕಿದ. ಎಲ್ಲರೂ ನಿಂತರು, ಒಂದು ತೆಗೆದ. ಆಮೇಲೆ, "ಬೇಟಿದು ಒಬ್ಬಾಕಿದು ಒಂದು ಇರ್ಲಿ," ಎಂದು ಮೂಲೆಗೆ ಹೋಗಿ ಚೀಲದ ಮೇಲೆ ಬಗ್ಗಿದ. ಒಂದು ಲೆನ್ಸು ತಿರುವಿ ಬಿಚ್ಚಿದ, ಇನ್ನೊಂದು ತಿರುವಿ ಕೂರಿಸಿದ. ಅದನ್ನು ನೋಡಿದವಳು ನಾನೊಬ್ಬಳೇ. ಅದರ ಅರ್ಥ ಆಗ ನನಗೆ ತಿಳಿಯಲಿಲ್ಲ.

"ಅಕ್ಕಾ, ಮಾಲಿ ಸ್ವಲ್ಪ ಕೆಳಗ ಸರಸ್ರಿ, ಮಾರಿ ಮ್ಯಾಲ ನೆರಳ ಬೀಳಾಕತ್ತದ," ಎಂದ ನನಗೆ.

ನಾನು ಸರಿಸಿದೆ. ವಿಭೂತಿಯ ಕೆಳಗೆ, ಕಿವಿಯಿಂದ ಗದ್ದದ ಅಡಿಗೆ, ಒಂದು ಗೆರೆ ಇತ್ತು. ಕೂಗಲು ಬಾಯಿ ತೆರೆದೆ. ದಸ್ತಗೀರ ಕಣ್ಣಿನಿಂದಲೇ ಸುಮ್ಮನಿರು ಎಂದ.

ಚನ್ನುವಿಗೆ ಏನೋ ಅನುಮಾನ ಬಂತು. ಕ್ಯಾಮೆರಾ ಕಸಿದು ಕಿಂಡಿಗೆ ಕಣ್ಣಿಟ್ಟ. "ಇದ್ರಾಗ ಎಲ್ಲಾ ಸಾಫ್ ಕಾಣಾಕತ್ತದಲ್ಲೋ! ಯಾವ ಲೆನ್ಸ್ ಹಾಕೀದಿ, ಹಲ್ಕಟ್?"

ದಸ್ತಗೀರ ತನ್ನ ಅಂಗೈಯನ್ನು ಲೆನ್ಸಿನ ಮೇಲೆ ಮುಚ್ಚಿದ. "ಈಗ ಕಾಣತದೇನು?"

"ಕಾಣತದ."

"ಈ ಕ್ಯಾಮೆರಾದಾಗ ನೋಡೋ ಕಿಂಡಿ ಬ್ಯಾರೆ, ತಗಿಯೋ ಲೆನ್ಸ್ ಬ್ಯಾರೆ. ಯಾವುದು ಹಾಕಿದ್ರೂ ಕಿಂಡ್ಯಾಗ ಹಿಂಗೇ ಕಾಣತದ. ಹಾಕಿದ್ದು ಹಳೇದೇ."

ಮೊದಲಿನ ಮಾತು ನಿಜ, ಕಡೆಯದು ಸುಳ್ಳು. ಚನ್ನು ಕ್ಯಾಮೆರಾವನ್ನು ಅವನ ಎದೆಗೆ ಗುದ್ದಿ ಕೊಟ್ಟ. ದಸ್ತಗೀರ ಮತ್ತೆ ಕಿಂಡಿಯಲ್ಲಿ ನೋಡಿದ. ಅದರ ನಡುವೆ ಒಂದೇ ಮುಖ ಎರಡಾಗಿ ಕಾಣುತ್ತದಂತೆ. ಲೆನ್ಸಿನ ಉಂಗುರ ತಿರುಗಿಸುತ್ತ ಎರಡನ್ನೂ ಕೂಡಿಸಬೇಕು. ಅವನು ಕೂಡಿಸಿದ್ದು ಮುಖವನ್ನಲ್ಲ, ಆ ಗೆರೆಯನ್ನು. ಬಟನ್ ಒತ್ತಿದ, ಸಲಾಂ ಹೇಳಿ ಹೊರಟು ಹೋದ. ಅವತ್ತೇ ಮಗಳನ್ನು ಹೂತರು.

ಮರುದಿನ ಅವನು ಸೇಡಂಗೆ, ನಮ್ಮ ಮನೆಗೆ ಬಂದ. ಎರಡು ಫೋಟೋ ನನ್ನ ಮುಂದಿಟ್ಟ. ಒಂದರಲ್ಲಿ ಅತ್ತೆ ಮನೆಯವರ ನಡುವೆ ಭಾಗ್ಯಶ್ರೀ ಮದುಮಗಳಂತೆ ನಿದ್ದೆ ಮಾಡಿದ್ದಳು. ಇನ್ನೊಂದರಲ್ಲಿ ಹಗ್ಗದ ಹುರಿಯ ಗುರುತು ಎಣಿಸುವಂತಿತ್ತು. ಕೆನ್ನೆಯ ಮೇಲೆ ಬೆರಳು ಮೂಡಿದ್ದವು. ತುಟಿಯ ಒಳಗೆ ಹಲ್ಲು ಇಳಿದಿತ್ತು.

"ಅಕ್ಕಾ, ಇದು ಪೊಲೀಸರಿಗೆ ಕೊಟ್ರ ಕುಣಿ ಅಗಿತಾರ್ರಿ. ಬೇಟಿನ ಹೊರಗ ತಗದು ಕೊಯ್ತಾರ. ಕೊಡಲಿಲ್ಲ ಅಂದ್ರ ಆಕಿ ಹಿಂಗೇ ಮಲಗಿರತಾಳ," ಎಂದು ಮೊದಲಿನದನ್ನು ಮುಟ್ಟಿದ. "ಯಾವುದು ಇಟ್ಕೋತೀರಿ? ನೀವು ಹಳೇದು ಅಂದ್ರ ಹೊಸಾದನ್ನ ಇಲ್ಲೇ ನಿಮ್ಮ ಒಲಿಗೆ ಹಾಕತೀನಿ."

"ನಿನಗ ಹೊಡೀತಾರಲ್ಲೋ ತಮ್ಮಾ."

"ಹೊಡೀತಾರ್ರಿ. ನಾ ಕೇಳಿದ್ದು ಅದಲ್ಲ."

ನಾನು ಆ ಗೆರೆಯ ಮೇಲೆ ಹೆಬ್ಬೆರಳು ಇಟ್ಟೆ. ಬಳಿದ ವಿಭೂತಿ ಅಳಿಸುವ ಹಾಗೆ ಒರೆಸಿದೆ. ಗೆರೆ ಹೋಗಲಿಲ್ಲ. "ಹೊಸಾದು ಕೊಡು," ಎಂದೆ. ಇಬ್ಬರೂ ಕೂಡಿಯೇ ಠಾಣೆಗೆ ಹೋದೆವು.

ನಮ್ಮಲ್ಲಿ ಸುಡುವ ಪದ್ಧತಿ ಇದ್ದಿದ್ದರೆ ಏನೂ ಉಳಿಯುತ್ತಿರಲಿಲ್ಲ. ತಹಸೀಲ್ದಾರರ ಎದುರು ಕುಣಿ ಅಗೆದರು. ನನ್ನನ್ನು ದೂರ ನಿಲ್ಲಿಸಿದ್ದರು, ಆದರೂ ಗುದ್ದಲಿ ಕಲ್ಲಿಗೆ ತಾಗಿದ ಸಪ್ಪಳ ಕೇಳಿತು. ಕೊರಳ ಎಲುಬು ಮುರಿದಿದೆ ಎಂದು ಡಾಕ್ಟರ್ ಬರೆದುಕೊಟ್ಟರು. ಚನ್ನುವನ್ನು ಹಿಡಿದುಕೊಂಡು ಹೋದರು.

ಆ ವಾರದ ಸಂತೆಯ ದಿನ, ಜನ ತುಂಬಿದ ಬಜಾರಿನಲ್ಲೇ, ಚನ್ನುವಿನ ತಮ್ಮ ಇಬ್ಬರನ್ನು ಕರೆದುಕೊಂಡು ಸ್ಟುಡಿಯೋಕ್ಕೆ ನುಗ್ಗಿದ. ದಸ್ತಗೀರನ ಮೂಗು ಒಡೆದರು. ಬಿದ್ದವನ ಪಕ್ಕೆಗೆ ಒದ್ದರು. ಎದುರಿನ ಅಂಗಡಿಯವರು ಶಟರ್ ಎಳೆದುಕೊಂಡರು.

"ಯಾವ ಲೆನ್ಸಿನಿಂದ ತಗದಿ ಅದನ್ನ? ತೋರಸ್ತಿಯೋ ಇಲ್ಲೋ?"

ದಸ್ತಗೀರ ರಕ್ತ ಉಗುಳಿ, ಹಳೇದನ್ನು ತೋರಿಸಿದ. ಅವರು ಅದನ್ನು ಹೊಸ್ತಿಲಿಗೆ ಬಡಿದು ಪುಡಿ ಮಾಡಿದರು. ಆಮೇಲೆ ಅದೇ ಹೊಸ್ತಿಲ ಮೇಲೆ ಕೈ.

ದವಾಖಾನೆಯಲ್ಲಿ ನಾನು ಕೇಳಿದೆ, "ಗಾರ್ಡ್ ಸಾಹೇಬರು ಕೊಟ್ಟಿದ್ದು ಯಾಕ ಕೊಟ್ಟಿ? ನಿಮ್ಮಪ್ಪನ ಮಾರಿ ತಗದಿದ್ದಲ್ಲೋ ಅದು."

"ಹೌದ್ರಿ. ಅಪ್ಪನ ತಲಿ ಹೆಂಗ ಒಡೆದಿತ್ತು ಅಂತ ನನಗ ಈಗ ನೆನಪೇ ಇಲ್ಲ," ಎಂದ. "ಪರಿಹಾರ ಕೇಳಿದಾಗ ಗಣಿ ಮಾಲಕಗೂ ನೆನಪಿರ್ಲಿಲ್ಲ."

ಕಲಬುರಗಿಯ ಕೋರ್ಟಿನಲ್ಲಿ ಅವನು ಬೆರಳು ಮಡಚದ ಕೈ ಎತ್ತಿ ಸಾಕ್ಷಿ ಹೇಳಿದ. ಚನ್ನುವಿಗೆ ಜನ್ಮಠೇಪು ಆಯಿತು, ಬದುಕಿರುವತನಕ ಜೈಲು. ಕೈ ಜಜ್ಜಿದ ತಮ್ಮನಿಗೂ ಶಿಕ್ಷೆಯಾಯಿತು.

ಮೊಬೈಲ್ ಬಂದ ಮೇಲೆ ಅವನ ಧಂದೆ ಕುಸಿಯಿತು. ಈಗ ಶಹಾಬಾದಿಗೆ ತಿರುಗಿ ಹೋಗಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಾನೆ. ಹಳೇ ಕ್ಯಾಮೆರಾ, ಹೊಸಾ ಲೆನ್ಸು ಇನ್ನೂ ಇವೆ. ಚಿಂಚೋಳಿ ಕಡೆಯಿಂದ ಆಗೊಮ್ಮೆ ಈಗೊಮ್ಮೆ ಮಗಳನ್ನು ಕಳೆದುಕೊಂಡ ಯಾರೋ ತಾಯಿ ಅವನನ್ನು ಹುಡುಕಿಕೊಂಡು ಬರುತ್ತಾಳೆ. ಸಾವಿನ ಮನೆಯ ಗಂಡಸರು ಅವನನ್ನು ಕರೆಯುವುದಿಲ್ಲ.

ಹೋದ ತಿಂಗಳು ನಾನೂ ಫೋಟೋ ತೆಗೆಸಲು ಹೋಗಿದ್ದೆ. ಕೂತು ತೆಗೆಸಿಕೊಳ್ಳುವಾಗ ನನಗೆ ಉಸಿರಿರಲಿ ಎಂದು ಆಸೆ.

"ಹಳೇದು ಇದ್ದಿದ್ರ ನಿಮ್ಮ ಸುಕ್ಕೆಲ್ಲಾ ಹೋಗತಿದ್ವು, ಅಕ್ಕಾ."

"ಹೋಗೋದು ಬ್ಯಾಡ. ನೀ ತಗಿ."

ಮಡಚದ ಎರಡು ಬೆರಳಿನಿಂದ ಅವನು ಲೆನ್ಸಿನ ಉಂಗುರವನ್ನು ನೂಕುತ್ತಿದ್ದ. ಅದು ಒಮ್ಮೆ ದಾಟುತ್ತಿತ್ತು, ಒಮ್ಮೆ ಹಿಂದೆ ಬೀಳುತ್ತಿತ್ತು.

"ಅಲುಗಾಡಬ್ಯಾಡ್ರಿ, ಇನ್ನೂ ಎರಡು ಕಾಣಾಕತ್ತೀರಿ," ಎಂದ.

ನಾನು ಸೆರಗು ಕೊರಳಿನಿಂದ ಸರಿಸಿ, ನೆಟ್ಟಗೆ ಕೂತೆ.