ಬಲತುದಿಯಿಂದ ಅಳಿಸಿದರೂ ಒಡೆಯದ ಸಂಖ್ಯೆ

ಬೇರೆಯವರ ಗಂಡಂದಿರು ಹೊಸ ಹೆಂಡತಿಗೆ ಜುಹೂ ಬೀಚಿನಲ್ಲಿ ಭೇಲ್ ಕೊಡಿಸುತ್ತಿದ್ದರು. ನನ್ನ ಗಂಡ ಅಂಧೇರಿಯ ಕಾಲೇಜೊಂದರಲ್ಲಿ ಗಣಿತದ ಮೇಷ್ಟ್ರು. ಮೈಸೂರಿನಿಂದ ಬಂದಿಳಿದ ನನ್ನನ್ನು ಲೋಕಲ್ ರೈಲಿನಲ್ಲಿ ಕೂರಿಸಿಕೊಂಡು ಅವರು ಕೊಟ್ಟದ್ದು ಒಂದು ಸಂಖ್ಯೆ: ೭೩೯೩೯೧೩೩.

"ಇದು ಅವಿಭಾಜ್ಯ. ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾರಿಗೂ ಬಗ್ಗಲ್ಲ" ಅಂದರು. ಬಲತುದಿಯ ಅಂಕಿ ಅಳಿಸಿದರೆ ಉಳಿದದ್ದೂ ಅವಿಭಾಜ್ಯವೇ. ಮತ್ತೊಂದು ಅಳಿಸಿ, ಇನ್ನೊಂದು ಅಳಿಸಿ, ಕೊನೆಗೆ ಏಳು ಮಾತ್ರ ಉಳಿಯುವವರೆಗೂ ಅದು ಒಡೆಯುವುದಿಲ್ಲ. ಈ ಗುಣವಿರುವ ಸಂಖ್ಯೆಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲವೇ ಇಲ್ಲವಂತೆ. ಅದರ ಬಲಕ್ಕೆ ಯಾವ ಅಂಕಿ ಅಂಟಿಸಿದರೂ ಭಾಗವಾಗಿಬಿಡುತ್ತದೆ. ನಾನು ಆಕಳಿಸಿದೆ. ಅವರಿಗೆ ಬೇಜಾರಾಗಲಿಲ್ಲ, ಮತ್ತೆ ಮೊದಲಿಂದ ಹೇಳಿದರು.

ನಿವೃತ್ತಿಯಾದ ಮೇಲೆ ಮರೆವು ಶುರುವಾಯಿತು. ಸಾಂತಾಕ್ರೂಜಿನ ಡಾಕ್ಟರಮ್ಮ ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದರೆ, ನಮ್ಮವರು ತೊಂಬತ್ತಮೂರರಲ್ಲೇ ನಿಂತುಬಿಟ್ಟರು. ನನಗೆ ಸಿಟ್ಟು ಬಂತು. "ಇವರಿಗೆ ಮಕ್ಕಳ ಲೆಕ್ಕ ಕೇಳ್ತೀರಾ? ಪ್ರೈಮ್ ನಂಬರ್ ಕೇಳಿ ನೋಡಿ" ಎಂದೆ. ನಮ್ಮವರು ಆ ಸಂಖ್ಯೆಯನ್ನು ಪಟಪಟನೆ ಹೇಳಿ, ಬಲದಿಂದ ಒಂದೊಂದೇ ಅಂಕಿ ಅಳಿಸುತ್ತಾ ಏಳಕ್ಕೆ ಬಂದು ನಿಂತರು. ನಾನು ಬೀಗಿದೆ. ಡಾಕ್ಟರಮ್ಮ ಮಾತ್ರ ಮೆಲ್ಲಗೆ, "ಆಂಟಿ, ಈ ಕಾಯಿಲೆಯಲ್ಲಿ ಹೊಸದು ಮೊದಲು ಹೋಗುತ್ತೆ, ಹಳೇದು ಆಮೇಲೆ" ಎಂದರು.

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ದಿನಾ ಕಾಫಿ ಕೊಡುವಾಗ, "ಎಲ್ಲಿ, ನಿಮ್ಮ ನಂಬರ್ ಹೇಳಿ" ಎನ್ನುತ್ತಿದ್ದೆ. ಅವರು ತಪ್ಪಿಲ್ಲದೆ ಹೇಳಿದರೆ ನನಗೆ ಹೋದ ಜೀವ ಬಂದ ಹಾಗೆ. ಮಗಳ ಹೆಸರು ಮರೆತರು, ನಮ್ಮ ಬಿಲ್ಡಿಂಗ್ ಮರೆತರು. ನಂಬರ್ ನೆನಪಿದೆಯಲ್ಲ, ಅಂದಮೇಲೆ ನಾನೂ ಇರುತ್ತೇನೆ ಎಂದು ನಂಬಿದ್ದೆ.

ಈ ಬೇಸಿಗೆಯ ಒಂದು ಬೆಳಿಗ್ಗೆ ಅವರು ಎಂದಿನಂತೆ ಏಳರವರೆಗೂ ಬಂದರು. ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದರು. ಮುಖದ ತುಂಬ ನಾಚಿಕೆ.

"ಮುಂದಿನ ವಾರ ಮೈಸೂರಿಗೆ ಹೆಣ್ಣು ನೋಡೋಕೆ ಹೋಗ್ತಿದೀನಿ ಮೇಡಂ. ಲೆಕ್ಕ ಅಂದ್ರೆ ಮುಖ ಸಿಂಡರಿಸೋ ಹುಡುಗಿ ಆಗದೆ ಇದ್ರೆ ಸಾಕು."

ಅವರು ಎಲ್ಲೂ ಒಡೆದಿರಲಿಲ್ಲ. ಅದೇ ದನಿ, ಅದೇ ಮರ್ಯಾದೆ, ಅದೇ ಸಂಖ್ಯೆ. ಅಳಿಸಿಹೋದವಳು ನಾನು. ಇಷ್ಟು ವರ್ಷದ ಸಂಸಾರವೆಲ್ಲ ಬಲಗಡೆಯ ಅಂಕಿಯಾಗಿತ್ತು. ತಡೆಯಲಾಗದೆ ಅತ್ತುಬಿಟ್ಟೆ.

ಅವರಿಗೆ ಗಾಬರಿಯಾಯಿತು. "ಯಾಕೆ ಮೇಡಂ? ಆ ಹುಡುಗಿ ನಿಮಗೆ ಗೊತ್ತಾ?"

"ಗೊತ್ತು" ಎಂದೆ. "ಒಳ್ಳೆಯವಳು. ಒಪ್ಪಿಕೊಳ್ಳಿ."