ಮೊದಲು ಕೈ ಕೊಡು, ಆಮೇಲೆ ಮಾತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಕ್ಕಳ ಆಸ್ಪತ್ರೆಯ ಪುಟ್ಟ ಕೋಣೆಯಲ್ಲಿ ನರ್ಸೊಬ್ಬರು ತೋಳಿಗೆ ಸುತ್ತುವ ಬಿಪಿ ಪಟ್ಟಿಗಳನ್ನು ಅಳತೆಗೆ ತಕ್ಕಂತೆ ಮೊಳೆಗೆ ನೇತುಹಾಕುತ್ತಿದ್ದಾರೆ. ಕಡ್ಡಿಯಂಥ ತೋಳಿಗೆ ದೊಡ್ಡವರ ಪಟ್ಟಿ ಸುತ್ತಿದರೆ ಏರಿದ ಬಿಪಿಯೂ ಸರಿಯಾಗಿಯೇ ಕಾಣುತ್ತದೆ. ಆ ಎಡವಟ್ಟಿಗೆ ಇಲ್ಲಿ ಜಾಗವಿಲ್ಲ. ಮಕ್ಕಳ ಬಾಯಲ್ಲಿ ಇವರು ‘ಕೈಯಕ್ಕ’.

ಕೂತಲ್ಲಿ ಕೂರದ, ಗಮನ ನಿಲ್ಲದ ಮಕ್ಕಳು ಇಲ್ಲಿಗೆ ಬರುತ್ತಾರೆ. ಅವರಿಗೆ ಕೊಡುವ ಮಾತ್ರೆ ಕೆಲವರಲ್ಲಿ ಎದೆಬಡಿತ, ಬಿಪಿ ಏರಿಸುತ್ತದೆ. ಕೆಲವರ ಬೆರಳ ತುದಿಯ ರಕ್ತನಾಳ ಬಿಗಿದು ಬೆರಳು ತಣ್ಣಗಾಗಿ ನೀಲಿಗಟ್ಟುವುದೂ ಉಂಟು. ಅದಕ್ಕೇ ಇವರ ಕಟ್ಟಪ್ಪಣೆ: “ಮೊದ್ಲು ಕೈ ಕೊಡು, ಆಮೇಲೆ ಮಾತು.” ದಿನಕ್ಕೆ ಮೂವತ್ತು ನಲವತ್ತು ಮಕ್ಕಳ ಕೈ ಕುಲುಕುತ್ತಾರೆ. ತೂಕ, ನಾಡಿ ಎಲ್ಲ ಅದಾದ ಮೇಲೆ.

“ನನ್ನ ಮಗನೂ ಹೀಗೇ ಇದ್ದ. ಮೂರು ಸ್ಕೂಲು ಬದಲಾಯಿಸ್ದೆ. ಮಾತ್ರೆಯಿಂದಾನೇ ಓದ್ಕೊಂಡ. ಅದನ್ನ ಬೈಯೋಕೆ ನನಗೆ ಬಾಯಿ ಬರಲ್ಲ. ಹಾಗಂತ ಕಣ್ಣು ಮುಚ್ಚಿ ಕೂರೋಕೂ ಆಗಲ್ಲ,” ಎನ್ನುತ್ತಾರೆ ಕೈಯಕ್ಕ.

ಇವತ್ತಿನ ಮೊದಲ ಹುಡುಗಿಗೆ ಒಂಬತ್ತು ವರ್ಷ. ಎರಡೂ ಕೈ ಸ್ವೆಟರ್ ಜೇಬಿನಲ್ಲಿ.

“ಕೈ ಕೊಡು ಪುಟ್ಟಿ.”

“ಊಹೂಂ.”

“ಕೊಡೇ! ಇತ್ತೀಚೆಗೆ ಎಲ್ಲದಕ್ಕೂ ಹಠ ಸಿಸ್ಟರ್,” ತಾಯಿ ಗದರುತ್ತಾರೆ.

ಹಠದಲ್ಲಿ ಕೈಯಕ್ಕ ಹುಡುಗಿಗಿಂತ ಒಂದು ಕೈ ಮೇಲು. ಸ್ಟೂಲು ಎಳೆದುಕೊಂಡು, ತಮ್ಮ ಅಂಗೈ ಚಾಚಿ ಕೂತುಬಿಡುತ್ತಾರೆ. ಜವಾನ ಇಣುಕುತ್ತಾನೆ: “ಸಿಸ್ಟರ್, ಹೊರಗೆ ಜನ ಕೂಗಾಡ್ತಿದ್ದಾರೆ.”

“ಕೂಗಾಡ್ಲಿ ಬಿಡಪ್ಪ. ನಾನೆಲ್ಲೂ ಓಡಿಹೋಗಲ್ಲ.”

ಕೊನೆಗೆ ಹುಡುಗಿಯೇ ಬಾಯಿಬಿಡುತ್ತಾಳೆ. “ಕೈ ತೋರ್ಸಿದ್ರೆ ಮಾತ್ರೆ ನಿಲ್ಲಿಸ್ತೀರ. ಆಮೇಲೆ ಮಿಸ್ಸು ಮತ್ತೆ ನನ್ನ ಕ್ಲಾಸಿಂದ ಹೊರಗೆ ಹಾಕ್ತಾರೆ.”

“ಅಯ್ಯೋ! ಇದಕ್ಕಾ ಕೈ ಬಚ್ಚಿಡ್ತಿದ್ದೆ?” ತಾಯಿ ಮಗಳ ಪಕ್ಕ ಬಂದು ಕೂರುತ್ತಾರೆ. ಕೈಯಕ್ಕನ ಚಾಚಿದ ಕೈ ಹಿಂದೆ ಸರಿಯುವುದಿಲ್ಲ.

“ನಿಲ್ಲಿಸೋದೇ ಇಲ್ಲ ಅಂತ ನಾನು ಸುಳ್ಳು ಹೇಳಲ್ಲ ಕಣೇ. ಕಮ್ಮಿ ಮಾಡಬಹುದು, ಬೇರೆ ಕೊಡಬಹುದು. ನಿನ್ನನ್ನ ಹಾಗೇ ಕೈಬಿಡಲ್ಲ. ಇವಳಿಗೆ ಕ್ಲಾಸು ಬೇಕು ಅಂತ ಡಾಕ್ಟ್ರಿಗೆ ನಾನೇ ಹೇಳ್ತೀನಿ, ಬಾ.”

ಜೇಬಿನಿಂದ ಕೈಗಳು ಹೊರಬರುತ್ತವೆ. ತುದಿಗಳು ನೀಲಿ, ಒಂದು ಬೆರಳಲ್ಲಿ ಸಣ್ಣ ಹುಣ್ಣು. ಕೈಯಕ್ಕ ಅವನ್ನು ತಮ್ಮ ಅಂಗೈಯಲ್ಲಿ ಮುಚ್ಚಿ ಹಿಡಿದು, ಸಾಲನ್ನು ದಾಟಿಸಿ ನೇರ ವೈದ್ಯರ ಬಳಿ ಕರೆದೊಯ್ಯುತ್ತಾರೆ. ವೈದ್ಯರು ಬೆರಳು ನೋಡಿ, ಹೇಳಿದ್ದನ್ನೆಲ್ಲ ಕೇಳಿ, ಮಾತ್ರೆಯನ್ನೇ ಬದಲಿಸುತ್ತಾರೆ. ವಾರ ಬಿಟ್ಟು ಬರಬೇಕು.

ನಿಮ್ಮ ಆಸೆಯೇನು ಎಂದರೆ ಕೈಯಕ್ಕ ನಗುತ್ತಾರೆ.

“ನಂದೇನು ಆಸೆ? ಮುಂದಿನ ವಾರ ಅವಳು ಜೇಬಿಲ್ಲದ ಫ್ರಾಕು ಹಾಕ್ಕೊಂಡು ಬರ್ಲಿ, ಸಾಕು.”